ಮೇ 20ರಿಂದ ಎಣಿಸಿದ ದಿನಗಳು: ಕೋವಿ ಸಮೇತ ಮೊಂಟಾನಾಕ್ಕೆ ಮನೆ ಬದಲಿಸಿದ ಅನುಭವ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಮೊಂಟಾನಾದ ಬಿಟರ್‌ರೂಟ್ ಕಣಿವೆಗೆ ನಾವು ಬಂದದ್ದು 2025ರ ಮೇ 20ರಂದು. ಈ ವಲಸೆಗೆ ಸಂಬಂಧಿಸಿದ ಕೊನೆಯ ಕಾಗದ ಕೈಸೇರಿದ್ದು 2026ರ ಜನವರಿಯಲ್ಲಿ. ಬೆಟ್ಟ, ಹೊಳೆ, ಕಾಡು ಇರಬೇಕು, ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಅಡ್ಡಿ ಇರಬಾರದು ಎಂದು ರಾಜ್ಯ ಹುಡುಕುವ ಕನ್ನಡಿಗರು, ಅದರಲ್ಲೂ ಕೊಡಗು, ಮಲೆನಾಡಿನ ಕಡೆಯವರು ಇಲ್ಲಿ ಸಾಕಷ್ಟಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗಿನ ಆದೇಶ 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತದೆ. ಅಲ್ಲಿ ಯಾವ ಮನೆತನದವರು ಎಂಬುದರ ಮೇಲೆ ಹಕ್ಕು ನಿಂತಿದೆ. ಇಲ್ಲಿ ಮೊದಲು ನಿಮ್ಮ ವೀಸಾ, ಆಮೇಲೆ ನಿಮ್ಮ ವಿಳಾಸ, ಅದರ ನಂತರ ಆ ವಿಳಾಸಕ್ಕೆ ಬಂದ ದಿನಾಂಕ. ರಾಜ್ಯದ ಹೆಸರು ಬರುವುದು ಇವೆಲ್ಲದರ ನಂತರ.

ವೀಸಾ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದನ್ನು ತಿಳಿಯದೆ ಅಪರಾಧಕ್ಕೆ ಸಿಲುಕುವ ಸಾಧ್ಯತೆ ನಮ್ಮವರಿಗೇ ಹೆಚ್ಚು. ಎಚ್-1ಬಿ (ಕೆಲಸ), ಎಚ್-4 (ಅವರ ಕುಟುಂಬ), ಎಫ್-1 (ವಿದ್ಯಾರ್ಥಿ), ಬಿ-2 (ಪ್ರವಾಸಿ) ಯಾವುದೇ ಇರಲಿ, ವಲಸೆಯೇತರ ವೀಸಾದ ಮೇಲೆ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಇದು ಫೆಡರಲ್ ಕಾನೂನು, ಅಂದರೆ ಇಡೀ ದೇಶದ್ದು, ಎಷ್ಟೇ ಉದಾರ ರಾಜ್ಯವಾದರೂ ಇದನ್ನು ಸಡಿಲಿಸಲಾಗದು. ಕೊಳ್ಳುವುದಕ್ಕಷ್ಟೇ ನಿಷೇಧ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಶೂಟಿಂಗ್ ರೇಂಜಿನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿಯುವುದೂ ಅದರಲ್ಲಿ ಸೇರುತ್ತದೆ. ಊರಿನಿಂದ ಬಂದ ಅಪ್ಪನಿಗೆ ಒಂದು ಈಡು ಹೊಡೆಯಲು ಕೊಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಮುಖ್ಯವಾದ ವಿನಾಯಿತಿ ಎಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದು ಅವರ ಜೇಬಿನಲ್ಲಿ ಇಲ್ಲದಿದ್ದರೆ ಕೊಡಬೇಡಿ. ನಮ್ಮಂತೆ ಗ್ರೀನ್ ಕಾರ್ಡ್ (ಕಾಯಂ ವಾಸದ ಪತ್ರ) ಇದ್ದವರಿಗೆ ಈ ತಡೆ ಇಲ್ಲ. ಆದರೆ ಅವರಿಗೆ ಬೇರೊಂದು ಅಪಾಯವಿದೆ. ಕೋವಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಅದೊಂದೇ ಕಾರಣಕ್ಕೆ ಗಡೀಪಾರು ಪ್ರಕ್ರಿಯೆ ಶುರುವಾಗಬಹುದು. ಪೌರರಿಗೆ ದಂಡದಲ್ಲಿ ಮುಗಿಯುವ ತಪ್ಪು ನಮಗೆ ದೇಶವನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲದು. ಆದ್ದರಿಂದ ರಾಜ್ಯಗಳನ್ನು ತೂಗುವಾಗ ಆ ರಾಜ್ಯದ ಕಾನೂನಿನ ಜೊತೆಗೆ ಅಲ್ಲಿಗೆ ಹೋಗಿಬರುವ ದಾರಿಯಲ್ಲಿರುವ ರಾಜ್ಯಗಳ ಕಾನೂನನ್ನೂ ನೋಡಿದೆವು.

ಎಚ್-1ಬಿಯಲ್ಲಿ ಇರುವವರಿಗೆ ಇನ್ನೊಂದು ಮಾತು. ಮನೆಯಿಂದಲೇ ಕೆಲಸ, ಎಲ್ಲಿದ್ದರೇನು ಎಂದು ಹೊರಟುಬಿಡಬೇಡಿ. ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಹೋದರೆ ಕಂಪನಿ ವೀಸಾ ತಿದ್ದುಪಡಿ ಅರ್ಜಿ ಹಾಕಲೇಬೇಕು, ವಲಸೆ ಇಲಾಖೆಯ 2015ರ ತೀರ್ಪಿನ ನಂತರ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಹೊಸ ಮನೆಯೂ ಕೆಲಸದ ಜಾಗವೇ.

ರಾಜ್ಯಗಳ ಪಟ್ಟಿ ಮಾಡಿದ್ದು 2024ರ ಬೇಸಿಗೆಯಲ್ಲಿ. ಚೆಲುವಿನಲ್ಲಿ ಯಾವುದಕ್ಕೂ ಕಡಿಮೆ ಇಲ್ಲದ ಮೂರು ರಾಜ್ಯಗಳು ಮೊದಲ ದಿನವೇ ಬಿದ್ದುಹೋದವು. ಕೊಲರಾಡೊದಲ್ಲಿ 2013ರಿಂದ 15 ತೋಟಾಗಿಂತ ದೊಡ್ಡ ಮ್ಯಾಗಝೀನ್ (ಕೋವಿಗೆ ಸಿಕ್ಕಿಸುವ ತೋಟಾ ಡಬ್ಬಿ) ಮಾರುವಂತಿಲ್ಲ, 2023ರ ಅಕ್ಟೋಬರ್‌ನಿಂದ ಕೊಂಡ ಕೋವಿಗೆ ಮೂರು ದಿನ ಕಾಯಬೇಕು. ವಾಷಿಂಗ್ಟನ್ ರಾಜ್ಯ 2022ರಲ್ಲಿ 10ಕ್ಕಿಂತ ದೊಡ್ಡ ಮ್ಯಾಗಝೀನ್‌ಗಳ ಮಾರಾಟವನ್ನೂ ಹೊರಗಿನಿಂದ ತರುವುದನ್ನೂ ನಿಲ್ಲಿಸಿತು, ಮರುವರ್ಷ ಹಲವು ಬಗೆಯ ರೈಫಲ್‌ಗಳ ಮಾರಾಟವನ್ನೂ. ವರ್ಮಾಂಟ್‌ನಲ್ಲಿ ಕೋವಿ ಮರೆಯಲ್ಲಿಟ್ಟು ಒಯ್ಯಲು ಎಂದೂ ಪರವಾನಗಿ ಬೇಕಿರಲಿಲ್ಲ. ಆದರೂ 2018ರಲ್ಲಿ ಮ್ಯಾಗಝೀನ್ ಮಿತಿ ಬಂತು, 2023ರಲ್ಲಿ 72 ಗಂಟೆಗಳ ಕಾಯುವಿಕೆ ಬಂತು. ಹಳೆಯ ಹೆಸರನ್ನು ನಂಬಿ ಹೋಗಬಾರದು ಎಂಬುದಕ್ಕೆ ವರ್ಮಾಂಟ್ ಸಾಕ್ಷಿ.

ಉಳಿದದ್ದು ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ವಯೋಮಿಂಗ್, ಐಡಹೊ, ಯೂಟಾ, ಮೊಂಟಾನಾ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆ ಇಲ್ಲ, ಸೇಲ್ಸ್ ಟ್ಯಾಕ್ಸ್ ಇಲ್ಲ, 2017ರಿಂದ ಕೋವಿ ಒಯ್ಯಲು ಪರವಾನಗಿಯೂ ಬೇಕಿಲ್ಲ. ಆದರೆ ದಕ್ಷಿಣಕ್ಕೆ ಅರ್ಧ ಗಂಟೆ ಹೋದರೆ ಮ್ಯಾಸಚೂಸೆಟ್ಸ್. ವಿಮಾನ, ದೊಡ್ಡ ಆಸ್ಪತ್ರೆ, ಬಂಧುಬಳಗ ಎಲ್ಲವೂ ಆ ಕಡೆಗೇ. ಕಾರಿನಲ್ಲಿ ಕೋವಿ ಮರೆತು ಗಡಿ ದಾಟಿದರೆ ಗ್ರೀನ್ ಕಾರ್ಡಿನವರ ಗತಿ ಏನು ಎಂದು ಯೋಚಿಸಿ ಬಿಟ್ಟೆವು. ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್ ಬಹಳ ಚೆಂದ. ಆದರೆ ಬೆಟ್ಟದ ಸಾಲು ಮುಗಿದ ಮೇಲೆ ನೂರಾರು ಮೈಲಿ ಬಯಲು. ವಯೋಮಿಂಗ್‌ಗೆ ಆದಾಯ ತೆರಿಗೆಯೇ ಇಲ್ಲ, ಟೀಟನ್ ಪರ್ವತಗಳಿಗೆ ಸಾಟಿಯೂ ಇಲ್ಲ. ಟೀಟನ್ ಕಾಣುವ ಕಡೆ ಮನೆಯ ಬೆಲೆ ನಮ್ಮ ಕೈಗೆ ನಿಲುಕದು, ನಿಲುಕುವ ಕಡೆ ವರ್ಷವಿಡೀ ಗಾಳಿ. ಬೇಟೆಗೆ ನಿವಾಸಿ ಎನಿಸಿಕೊಂಡು ನಿವಾಸಿ ದರದಲ್ಲಿ ಲೈಸೆನ್ಸ್ ಪಡೆಯಲು ಅಲ್ಲಿ ಪೂರ್ತಿ ಒಂದು ವರ್ಷ ಕಾಯಬೇಕು.

ಐಡಹೊವನ್ನು ಬಿಡಬೇಕಾಗಿ ಬಂದದ್ದು ಬೇಸರ ತಂದಿತು. ಸಾಟೂತ್ ಬೆಟ್ಟಗಳು, ಪೇಯೆಟ್ ಹೊಳೆ, ಉತ್ತರದ ಸರೋವರಗಳು, ಎಲ್ಲ ಮನಸ್ಸಿಗೆ ಹಿಡಿಸಿದ್ದವು. ಆದರೆ ಅಲ್ಲಿ ಪರವಾನಗಿಯಿಲ್ಲದೆ ಕೋವಿಯನ್ನು ಬಟ್ಟೆಯ ಮರೆಯಲ್ಲಿ ಒಯ್ಯುವ ಹಕ್ಕು ಅಮೆರಿಕದ ಪೌರರಿಗೂ ಸೇನೆಯಲ್ಲಿ ಇರುವವರಿಗೂ ಮಾತ್ರ. ಗ್ರೀನ್ ಕಾರ್ಡಿನವರು ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಹೆಚ್ಚು ರಾಜ್ಯಗಳಲ್ಲಿ ನಡೆಯುವ, 'ಎನ್‌ಹಾನ್ಸ್ಡ್' ಎಂದು ಕರೆಯುವ ಲೈಸೆನ್ಸಿಗೆ ಎಂಟು ಗಂಟೆಯ ತರಗತಿ, ಕನಿಷ್ಠ 98 ಗುಂಡುಗಳ ಅಭ್ಯಾಸ, ಜೊತೆಗೆ ಆರು ತಿಂಗಳ ವಾಸ ಬೇಕು. 'ಐಡಹೊದಲ್ಲಿ ಯಾರು ಬೇಕಾದರೂ ಒಯ್ಯಬಹುದು' ಎಂದು ಹೇಳುವವರೆಲ್ಲ ಪೌರರೇ ಆಗಿರುತ್ತಾರೆ, ಅವರಿಗೆ ಈ ಷರತ್ತು ಕಣ್ಣಿಗೇ ಬಿದ್ದಿರುವುದಿಲ್ಲ. ಯೂಟಾವನ್ನು ಬಿಡುವುದು ಇನ್ನೂ ಕಷ್ಟವಾಯಿತು. ಸಾಲ್ಟ್ ಲೇಕ್ ಸುತ್ತ ಭಾರತೀಯ ಅಂಗಡಿಗಳಿವೆ, ಸ್ಪ್ಯಾನಿಷ್ ಫೋರ್ಕ್‌ನಲ್ಲಿ ಕೃಷ್ಣ ದೇವಸ್ಥಾನವಿದೆ, 2021ರ ಮೇ ತಿಂಗಳಿಂದ 21 ವರ್ಷ ದಾಟಿದವರಿಗೆ ಪರವಾನಗಿ ಬೇಕಿಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದು, ವಾರವಾರ ಕೊತ್ತಂಬರಿ, ಕರಿಬೇವು ಬೇಕು ಎನ್ನುವ ಮನೆಯವರಿಗೆ ನಮ್ಮ ಶಿಫಾರಸು ಈಗಲೂ ಯೂಟಾವೇ. ನಮಗೆ ಜನಸಂದಣಿ ಇನ್ನೂ ಕಡಿಮೆ ಇರಬೇಕಿತ್ತು.

ಮೊಂಟಾನಾದಲ್ಲಿ 2021ರ ಫೆಬ್ರವರಿ 18ರಿಂದ, ಕೋವಿ ಹೊಂದಲು ಕಾನೂನಿನಂತೆ ಅರ್ಹರಾದ ಯಾರಾದರೂ ಪರವಾನಗಿಯಿಲ್ಲದೆ ಒಯ್ಯಬಹುದು, ಪೌರರೇ ಆಗಿರಬೇಕೆಂದಿಲ್ಲ. ರಾಜ್ಯದಲ್ಲಿ ಕೋವಿ ನೋಂದಣಿ ಇಲ್ಲ, ಮ್ಯಾಗಝೀನ್ ಮಿತಿ ಇಲ್ಲ, ಕಾಯುವ ದಿನಗಳಿಲ್ಲ. ಸೇಲ್ಸ್ ಟ್ಯಾಕ್ಸ್ ಇಲ್ಲ. ಆದಾಯ ತೆರಿಗೆ ಮಾತ್ರ ಇದೆ, 2025ರ ದರ ಶೇಕಡಾ 4.7 ಮತ್ತು 5.9. 1985ರ ಕಾನೂನಿನ ಪ್ರಕಾರ ಹೊಳೆಯ ಮಾಮೂಲು ತುಂಬುಮಟ್ಟದ ಗೆರೆಯವರೆಗೆ ಸಾರ್ವಜನಿಕರು ಓಡಾಡಬಹುದು, ದಂಡೆಯ ಜಮೀನು ಯಾರದ್ದೇ ಆಗಿರಲಿ. ಬೆಟ್ಟಹೊಳೆಗಳನ್ನು ನಂಬಿ ಬರುವವರಿಗೆ ಈ ಒಂದು ಕಾನೂನು ಎಕರೆಗಟ್ಟಲೆ ಜಮೀನಿಗೆ ಸಮ.

ಜಾಗ ನೋಡಲು ಎರಡು ಸಲ ಬಂದೆವು, ಆಗಸ್ಟ್ ಕೊನೆಯಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ. ಜೂನ್ ತಿಂಗಳಲ್ಲಿ ಮಾತ್ರ ಬಂದು ಮನೆ ಕೊಂಡವರು ಆಮೇಲೆ ಪೇಚಾಡುತ್ತಾರೆ. ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಕಣಿವೆಯಲ್ಲಿ ಕುಳಿತರೆ ಎದುರಿನ ಬೆಟ್ಟವೇ ಕಾಣದು. ಚಳಿಗಾಲದಲ್ಲಿ ಮಿಜೂಲಾ ಸುತ್ತ ತಣ್ಣನೆಯ ಗಾಳಿ ಕೆಳಗೆ ಸಿಕ್ಕಿಕೊಂಡು ದಿನಗಟ್ಟಲೆ ಬೂದು ಮುಸುಕು. ಮನೆಯಲ್ಲಿ ಉಬ್ಬಸದವರಿದ್ದರೆ ಈ ಎರಡು ತಿಂಗಳು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಬೋಝ್‌ಮನ್ ದುಬಾರಿ, ಕ್ಯಾಲಿಸ್ಪೆಲ್ ಕಡೆ ಪ್ರವಾಸಿಗರು ಹೆಚ್ಚು. ಮಿಜೂಲಾದ ದಕ್ಷಿಣಕ್ಕೆ ಯುಎಸ್-93 ಹೆದ್ದಾರಿಯುದ್ದಕ್ಕೂ ಚಾಚಿರುವ ಬಿಟರ್‌ರೂಟ್ ಕಣಿವೆ ನಮಗೆ ಹೊಂದಿತು. ಪಶ್ಚಿಮಕ್ಕೆ ಬಿಟರ್‌ರೂಟ್ ಶ್ರೇಣಿ, ಪೂರ್ವಕ್ಕೆ ಸಫೈರ್ ಶ್ರೇಣಿ, ನಡುವೆ ಹೊಳೆ. ಇಷ್ಟು ಚಿಕ್ಕ ಊರಾದ ಹ್ಯಾಮಿಲ್ಟನ್‌ನಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಕಿ ಮೌಂಟನ್ ಪ್ರಯೋಗಾಲಯ ಇದೆ ಎಂಬುದು ಸೂಕ್ಷ್ಮಜೀವಿ ವಿಜ್ಞಾನ ಓದಿದವರಿಗೆ ಗೊತ್ತಿರಲಿ.

ಮನೆ ನೋಡುವಾಗ ನಾವು ನಿರೀಕ್ಷಿಸದ ತೊಡಕು ಬಂದದ್ದು ಬಡಾವಣೆಯ ಕರಾರುಪತ್ರದಿಂದ. ರಾಜ್ಯ ಕೋವಿಗೆ ಎಷ್ಟೇ ಉದಾರವಾಗಿರಲಿ, ಐದು ಎಕರೆಯ ನಿವೇಶನದ ಕರಾರಿನಲ್ಲಿ 'ಗುಂಡು ಹಾರಿಸುವಂತಿಲ್ಲ' ಎಂದು ಒಂದು ಸಾಲು ಇದ್ದರೆ ನಿಮ್ಮ ಹಿತ್ತಿಲಲ್ಲೂ ಹಾರಿಸುವಂತಿಲ್ಲ. ಜಾಹೀರಾತಿನಲ್ಲಿ ಇದು ಬರುವುದಿಲ್ಲ. ಕೌಂಟಿಯ (ಜಿಲ್ಲೆಯ) ದಾಖಲೆ ಕಚೇರಿಯಲ್ಲಿ ಕರಾರಿನ ನಕಲು ಸಿಗುತ್ತದೆ, ಬೆಲೆ ಮಾತಾಡುವ ಮೊದಲೇ ತರಿಸಿ ಓದಿ. ಊರಿನ ಮಿತಿಯೊಳಗಿದ್ದರೆ ಪಟ್ಟಣದ ನಿಯಮ ಬೇರೆ ಇರುತ್ತದೆ. ಎರಡನೆಯದು ಬಾವಿ. ಹಳ್ಳಿಗಾಡಿನಲ್ಲಿ ನಲ್ಲಿನೀರಿನ ವ್ಯವಸ್ಥೆ ಇಲ್ಲದೆ ಕೊಳವೆಬಾವಿಯೇ ಗತಿ. ನಿಮಿಷಕ್ಕೆ 35 ಗ್ಯಾಲನ್, ವರ್ಷಕ್ಕೆ 10 ಎಕರೆ-ಅಡಿ (ಹತ್ತು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು) ಮೀರದ ಬಾವಿಗೆ ದೊಡ್ಡ ಅನುಮತಿ ಬೇಡ. ಆದರೆ ಬಾವಿ ತೋಡಿಸಿದವರು ಅದನ್ನು ರಾಜ್ಯದ ಜಲ ಇಲಾಖೆಯಲ್ಲಿ ದಾಖಲಿಸಿದ್ದಾರೆಯೇ ನೋಡಿ, ದಾಖಲಿಸದಿದ್ದರೆ ನೀರಿನ ಹಕ್ಕೇ ಇಲ್ಲ. ನೀರು ಎಷ್ಟು ಹೊತ್ತು ಸತತ ಬರುತ್ತದೆ ಎಂಬ ಪರೀಕ್ಷೆ, ಬ್ಯಾಕ್ಟೀರಿಯಾ, ನೈಟ್ರೇಟ್, ಆರ್ಸೆನಿಕ್ ಪರೀಕ್ಷೆ, ಮನೆಯೊಳಗೆ ರೇಡಾನ್ (ನೆಲದಿಂದ ಬರುವ ವಿಕಿರಣ ಅನಿಲ) ಪರೀಕ್ಷೆ ಇವನ್ನು ಬಿಡಬೇಡಿ. ಜಮೀನಿನ ಮೇಲೆ ಹಾದುಹೋಗುವ ನೀರಾವರಿ ಕಾಲುವೆ ಕಂಡು ಹಿಗ್ಗಬೇಡಿ. ಅದರ ನೀರು ಬೇರೆಯವರದ್ದಾಗಿರಬಹುದು, ಕಾಲುವೆ ಶುಚಿ ಮಾಡಲು ಬರುವವರಿಗೆ ದಾರಿ ಬಿಡುವ ಕರ್ತವ್ಯ ಮಾತ್ರ ನಿಮ್ಮದು. ಮನೆ ವಿಮೆಯ ಬೆಲೆಯನ್ನು ಕಾಳ್ಗಿಚ್ಚಿನ ಅಪಾಯ ನೋಡಿ ಕಟ್ಟುತ್ತಾರೆ. ಸಾಲಕ್ಕೆ ಒಪ್ಪುವ ಮೊದಲು ವಿಮೆ ಸಿಗುತ್ತದೆಯೇ ಖಚಿತಪಡಿಸಿಕೊಳ್ಳಿ. ಇವೆಲ್ಲ ನೋಡಿ ಮೊದಲ ವರ್ಷ ಬಾಡಿಗೆಗೆ ಇರುವುದೇ ಸರಿ ಎಂದು ತೀರ್ಮಾನಿಸಿದೆವು. ಇದರಲ್ಲಿ ನಮಗೆ ಪಶ್ಚಾತ್ತಾಪವಿಲ್ಲ.

ಹೊರಡುವ ತಯಾರಿ ಏಪ್ರಿಲ್‌ನಲ್ಲಿ. ಮನೆಯಲ್ಲಿದ್ದದ್ದು ಒಂದು ಬೋಲ್ಟ್ ಆಕ್ಷನ್ ರೈಫಲ್, ಒಂದು ಜೋಡಿ ನಳಿಗೆ ಕೋವಿ, ಒಂದು ಪಿಸ್ತೂಲು. ಮೂರೂ ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾದು ಕೊಂಡವು. ಹೊಸದು ಕೊಳ್ಳುವುದಿದ್ದರೆ ಹೊಸ ರಾಜ್ಯಕ್ಕೆ ಹೋಗಿ ಕೊಳ್ಳಿ, ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಕೋವಿ ಮತ್ತು ತೋಟಾಗಳ ಮೇಲೆ ಶೇಕಡಾ 11 ಹೆಚ್ಚುವರಿ ತೆರಿಗೆ ಇದೆ. ಸಾಮಾನು ಸಾಗಿಸುವ ಕಂಪನಿಗಳು ತೋಟಾ ಮತ್ತು ಸಿಡಿಮದ್ದು ಮುಟ್ಟುವುದಿಲ್ಲ. ಕೋವಿಯನ್ನು ಒಯ್ಯಲು ಕೆಲವರು ಒಪ್ಪಿದರೂ ಮೊದಲೇ ತಿಳಿಸಲೇಬೇಕು. ಟ್ರಕ್ಕು ತಡವಾದರೆ ಕೋವಿ ಎಲ್ಲಿದೆ ಎಂದು ಚಿಂತಿಸುತ್ತ ಕೂರುವುದಕ್ಕಿಂತ ನಮ್ಮ ಕಾರಿನಲ್ಲೇ ಒಯ್ಯುವುದು ಲೇಸು. ಪ್ರತಿ ಕೋವಿಯ ಫೋಟೊ, ಕ್ರಮಸಂಖ್ಯೆ, ಕೊಂಡ ರಸೀತಿ ಒಂದು ಕಡತದಲ್ಲಿ ಇಟ್ಟೆವು.

ದಾರಿ ಎರಡಿದ್ದವು. ಓರೆಗನ್, ವಾಷಿಂಗ್ಟನ್ ಹಾದು ಸ್ಪೊಕೇನ್ ಮೇಲೆ ಒಂದು, ನೆವಾಡ, ಐಡಹೊ ಹಾದು ಇನ್ನೊಂದು. ನಾವು ಎರಡನೆಯದನ್ನೇ ಆರಿಸಿದೆವು. ಐ-80 ಹೆದ್ದಾರಿಯಲ್ಲಿ ರೀನೊ, ಎಲ್ಕೊ ದಾಟಿ ವೆಲ್ಸ್, ಅಲ್ಲಿಂದ ಯುಎಸ್-93ರಲ್ಲಿ ಟ್ವಿನ್ ಫಾಲ್ಸ್, ಮುಂದೆ ಪೊಕಟೆಲ್ಲೊ, ಐ-15ರಲ್ಲಿ ಐಡಹೊ ಫಾಲ್ಸ್, ಬ್ಯೂಟ್, ಕೊನೆಗೆ ಐ-90ರಲ್ಲಿ ಮಿಜೂಲಾ. ಒಟ್ಟು ಸುಮಾರು 1,200 ಮೈಲಿ. ಮೊನೈಡಾ ಕಣಿವೆದಾರಿ 6,800 ಅಡಿಗೂ ಎತ್ತರ, ಮೇ ತಿಂಗಳಲ್ಲೂ ಹಿಮ ಬೀಳಬಹುದು. 1986ರ ಫೆಡರಲ್ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ ರಕ್ಷಣೆ ಕೊಡುತ್ತದೆ. ಹೊರಟ ಊರಲ್ಲೂ ತಲುಪುವ ಊರಲ್ಲೂ ಆ ಕೋವಿ ಕಾನೂನುಬದ್ಧವಾಗಿರಬೇಕು, ತೋಟಾ ತುಂಬಿರಬಾರದು, ಕೋವಿಯೂ ತೋಟಾವೂ ಕೈಗೆಟುಕುವಂತೆ ಇರಬಾರದು. ಡಿಕ್ಕಿ ಬೇರೆಯಾಗಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯೇ ಬೇಕು. ಡ್ಯಾಶ್‌ಬೋರ್ಡಿನ ಖಾನೆಗೆ ಬೀಗ ಇದ್ದರೂ ಅದು ಲೆಕ್ಕಕ್ಕಿಲ್ಲ. ಈ ರಕ್ಷಣೆ ಪ್ರಯಾಣದಲ್ಲಿರುವವರಿಗೆ. ಎರಡು ದಿನ ಯಾರದ್ದೋ ಮನೆಯಲ್ಲಿ ತಂಗಿದರೆ ಅದು ಪ್ರಯಾಣವೇ ಎಂಬ ಪ್ರಶ್ನೆ ಬರುತ್ತದೆ. ರಾತ್ರಿ ತಂಗಲು ಎಲ್ಕೊ ಆರಿಸಿದ್ದು ಇದೇ ಕಾರಣಕ್ಕೆ, ನೆವಾಡದಲ್ಲಿ ಈ ಕೋವಿಗಳಿಗೆ ತಕರಾರಿಲ್ಲ. ಪೆಟ್ಟಿಗೆಯ ಮೇಲೆ ಕೋವಿ ಕಂಪನಿಯ ಸ್ಟಿಕ್ಕರ್ ಇದ್ದರೆ ಕಿತ್ತುಹಾಕಿ, ರಾತ್ರಿ ಕಾರಿನಲ್ಲಿ ಬಿಡದೆ ಕೋಣೆಗೆ ಒಯ್ಯಿರಿ. ಕಾರಿನಿಂದ ಕಳವಾಗುವ ಕೋವಿಯೇ ಕೆಟ್ಟವರ ಕೈ ಸೇರುವುದು.

ಮೇ 20ರ ಸಂಜೆ ಬಾಡಿಗೆ ಮನೆಯ ಬೀಗದ ಕೈ ಸಿಕ್ಕಿತು. ಅಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ನೀವೂ ಹಾಗೇ ಮಾಡಿ. ಹತ್ತು ದಿನದೊಳಗೆ, ಅಂದರೆ ಮೇ 30ರೊಳಗೆ, ವಲಸೆ ಇಲಾಖೆಗೆ ಎಆರ್-11 ಫಾರಂನಲ್ಲಿ ವಿಳಾಸ ಬದಲಾವಣೆ. ಮನೆಯಲ್ಲಿ ಪೌರರಲ್ಲದ ಪ್ರತಿಯೊಬ್ಬರಿಗೂ ಬೇರೆ ಬೇರೆ, ಮಕ್ಕಳಿಗೂ. ಅರವತ್ತು ದಿನದೊಳಗೆ, ಜುಲೈ 19ರೊಳಗೆ, ಡ್ರೈವಿಂಗ್ ಲೈಸೆನ್ಸ್ ಮತ್ತು ಗಾಡಿಯ ನೋಂದಣಿ. ಮೂರು ತಿಂಗಳಿಗೆ, ಆಗಸ್ಟ್ 20ಕ್ಕೆ, ಪೌರತ್ವದ ಎನ್-400 ಅರ್ಜಿ ಹಾಕುವ ಅರ್ಹತೆ. ಐದು ವರ್ಷ ತುಂಬಿದ್ದರೂ ರಾಜ್ಯ ಬದಲಿಸಿದರೆ ಹೊಸ ಜಾಗದಲ್ಲಿ ಮೂರು ತಿಂಗಳು ವಾಸವಿರಲೇಬೇಕು. ನವೆಂಬರ್ 16ಕ್ಕೆ 180 ದಿನ, ಬೇಟೆಗೆ ನಿವಾಸಿ. ನವೆಂಬರ್ 20ಕ್ಕೆ ಆರು ತಿಂಗಳು, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಬಳಿ ಕೋವಿ ಮರೆಯಲ್ಲಿ ಒಯ್ಯುವ ಪರವಾನಗಿಗೆ ಅರ್ಜಿ. ಬಾಡಿಗೆ ಕರಾರು, ಮೊದಲ ವಿದ್ಯುತ್ ಬಿಲ್, ಕ್ಯಾಲಿಫೋರ್ನಿಯಾ ಮನೆ ಖಾಲಿ ಮಾಡಿದ ಪತ್ರ ಇವೆಲ್ಲ ಆ ದಿನಾಂಕಕ್ಕೆ ಸಾಕ್ಷಿ, ಜೋಪಾನ ಮಾಡಿ.

ಲೈಸೆನ್ಸಿನಲ್ಲಿ ಸಿಕ್ಕಿಬಿದ್ದೆವು. ಕಚೇರಿಯ ಅಪಾಯಿಂಟ್‌ಮೆಂಟ್ ಸಿಗಲು ಮೂರು ವಾರ ಹಿಡಿಯಿತು. ಅಂದು ಕೊಡುವುದು ತಾತ್ಕಾಲಿಕ ಕಾಗದ, ಕಾರ್ಡು ಆಮೇಲೆ ಅಂಚೆಯಲ್ಲಿ ಬರುತ್ತದೆ. ನಮ್ಮ ಬೀದಿಗೆ ಅಂಚೆಯವರು ಬರುವುದಿಲ್ಲ, ಊರವರೆಲ್ಲ ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಸಂಖ್ಯೆ ಇಟ್ಟುಕೊಂಡಿದ್ದಾರೆ. ನಮ್ಮ ಕಾರ್ಡಿನ ಮೇಲೂ ಪೆಟ್ಟಿಗೆ ಸಂಖ್ಯೆಯೇ ಅಚ್ಚಾಗಿ ಬಂತು. ಕೋವಿ ಕೊಳ್ಳುವಾಗ ತುಂಬುವ ಫಾರಂ 4473ಕ್ಕೆ ವಾಸದ ಮನೆಯ ವಿಳಾಸ ಇರುವ ಸರ್ಕಾರಿ ಗುರುತುಪತ್ರ ಬೇಕು, ಅಂಚೆ ಪೆಟ್ಟಿಗೆ ನಡೆಯದು. ಅಂಗಡಿಯವರು ಕಾರ್ಡು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಾಗ ನಿಜಕ್ಕೂ ಕೈಚೆಲ್ಲಿದಂತಾಯಿತು. ಪರಿಹಾರ ಸುಲಭದ್ದೇ. ಗುರುತುಪತ್ರದ ಜೊತೆಗೆ ವಾಸದ ವಿಳಾಸವಿರುವ ಇನ್ನೊಂದು ಸರ್ಕಾರಿ ಕಾಗದ ತೋರಿಸಬಹುದು, ಗಾಡಿಯ ನೋಂದಣಿ ಪತ್ರ ಆದೀತು. ವಿದ್ಯುತ್ ಬಿಲ್ ಆಗದು, ಅದು ಸರ್ಕಾರ ಕೊಟ್ಟದ್ದಲ್ಲ. ಆದ್ದರಿಂದ ಗಾಡಿ ನೋಂದಣಿ ಮಾಡಿಸುವಾಗ ಮನೆಯ ವಿಳಾಸವೇ ಅಚ್ಚಾಗುವಂತೆ ಕೌಂಟರಿನಲ್ಲಿ ಹೇಳಿ. ನೋಂದಣಿಯ ಮೂಲ ಶುಲ್ಕ ನಾಲ್ಕು ವರ್ಷದೊಳಗಿನ ಗಾಡಿಗೆ 217 ಡಾಲರ್, ಹತ್ತು ವರ್ಷದವರೆಗೆ 87, ಹನ್ನೊಂದು ಮತ್ತು ಅದಕ್ಕೂ ಹಳೆಯದಕ್ಕೆ 28. ಕೌಂಟಿಯದ್ದು ಬೇರೆ ಸೇರುತ್ತದೆ.

ಗ್ರೀನ್ ಕಾರ್ಡಿನವರು 90 ದಿನ ಕಾಯಬೇಕು ಎಂದು ಅಂಗಡಿಯಲ್ಲಿ ಒಬ್ಬರು ಹೇಳಿದರು. ಅದು ಹಳೆಯ ನಿಯಮ, 2012ರಲ್ಲೇ ಹೋಯಿತು. ಈಗ ಪೌರರಿಗೆ ಇರುವ ವಾಸದ ನಿಯಮವೇ ನಮಗೂ. ಆದರೆ ಫಾರಂನಲ್ಲಿ ಗ್ರೀನ್ ಕಾರ್ಡಿನ ಮೇಲಿರುವ ಏಲಿಯನ್ ಸಂಖ್ಯೆ ತುಂಬಬೇಕು. ಎಫ್‌ಬಿಐ ನಡೆಸುವ ತಪಾಸಣೆಯಲ್ಲಿ ಪೌರರಲ್ಲದವರ ಹೆಸರು ವಲಸೆ ದಾಖಲೆಗೂ ಹೋಗಿ ಬರುತ್ತದೆ. ಪೌರರಿಗೆ ನಿಮಿಷಗಳಲ್ಲಿ ಬರುವ ಉತ್ತರ ನಮಗೆ 'ಡಿಲೇ' ಎಂದು ಬಂತು. ಅದು ನಿರಾಕರಣೆಯಲ್ಲ. 21 ವರ್ಷ ದಾಟಿದವರಿಗೆ ಮೂರು ಕೆಲಸದ ದಿನ ಕಳೆದೂ ಉತ್ತರ ಬಾರದಿದ್ದರೆ ಕೋವಿ ಕೊಡಲು ಫೆಡರಲ್ ಕಾನೂನು ಅಂಗಡಿಯವರನ್ನು ತಡೆಯುವುದಿಲ್ಲ, ಆದರೆ ಕೊಡಲೇಬೇಕೆಂದೂ ಇಲ್ಲ. ನಮಗೆ ಎರಡನೆಯ ದಿನ ಒಪ್ಪಿಗೆ ಬಂತು. ಪ್ರತಿ ಸಲವೂ ತಡವಾಗುವವರು ಎಫ್‌ಬಿಐನಿಂದ ಯುಪಿಐಎನ್ ಎಂಬ ಸಂಖ್ಯೆ ಪಡೆದರೆ ಮುಂದೆ ಅನುಕೂಲ.

ಅದೇ ಫಾರಂನ ಎರಡು ಪ್ರಶ್ನೆಗಳ ಮುಂದೆ ನಿಧಾನಿಸಿ. ಒಂದು, ಈ ಕೋವಿ ನಿಜವಾಗಿ ನಿಮಗೇನಾ. ಎಚ್-1ಬಿಯಲ್ಲಿರುವ ತಮ್ಮನಿಗಾಗಿ ನಿಮ್ಮ ಹೆಸರಲ್ಲಿ ಕೊಳ್ಳುವುದು ಗಂಭೀರ ಅಪರಾಧ, ಅವನು ಹಣ ಕೊಟ್ಟರೂ ಕೊಡದಿದ್ದರೂ ಅವನ ಕೈಗೆ ಅದು ಹೋಗುವಂತಿಲ್ಲ. ಇನ್ನೊಂದು, ಗಾಂಜಾ. ಮೊಂಟಾನಾದಲ್ಲಿ ಗಾಂಜಾ ಅಂಗಡಿಗಳು ರಸ್ತೆಬದಿಯಲ್ಲೇ ಇವೆ, ರಾಜ್ಯ ಕಾನೂನು ಒಪ್ಪುತ್ತದೆ. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು ಒಪ್ಪದು ಎಂದು ಫಾರಂನಲ್ಲೇ ಎಚ್ಚರಿಕೆ ಅಚ್ಚಾಗಿದೆ. ಪೌರತ್ವದ ಅರ್ಜಿಗೂ ಅದು ಮುಳುವು. ಆ ಅಂಗಡಿಗಳ ಕಡೆ ಹೋಗಲೇಬೇಡಿ.

ಪೌರತ್ವದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಎನ್-400ರಲ್ಲಿ 'ನೀವು ಎಂದಾದರೂ ಆಯುಧ ತರಬೇತಿ ಪಡೆದಿದ್ದೀರಾ' ಎಂಬ ಪ್ರಶ್ನೆ ಇದೆ. ಬೇಟೆ ಸುರಕ್ಷತೆಯ ತರಗತಿ, ಪಿಸ್ತೂಲು ತರಗತಿ ಮಾಡಿದವರು 'ಇಲ್ಲ' ಎಂದು ಬರೆಯಬಾರದು. 'ಹೌದು' ಎಂದು ಬರೆದು ಯಾವ ತರಗತಿ, ಎಂದು, ಏತಕ್ಕೆ ಎಂಬುದನ್ನು ಎರಡು ಸಾಲಿನಲ್ಲಿ ವಿವರಿಸಿ, ಪ್ರಮಾಣಪತ್ರದ ನಕಲು ಲಗತ್ತಿಸಿ. ಆನ್‌ಲೈನ್ ಅರ್ಜಿಗೆ 710 ಡಾಲರ್. ಕಾಗದದಲ್ಲಿ ಕಳಿಸಿದರೆ 760.

ಊರು ಬದಲಾದ ಮೇಲೆ ಕೋವಿಯನ್ನೂ ಹೊಸದಾಗಿ ಪರಿಚಯಿಸಿಕೊಳ್ಳಬೇಕು. ಸಮುದ್ರಮಟ್ಟದಲ್ಲಿ ಗುರಿ ಕಟ್ಟಿದ್ದ ರೈಫಲ್ ಇಲ್ಲಿ ಮೂರೂವರೆ ಸಾವಿರ ಅಡಿ ಎತ್ತರದಲ್ಲಿ, ಅದೂ 1,200 ಮೈಲಿ ಅಲುಗಾಡಿ ಬಂದ ಮೇಲೆ, ಅಲ್ಲೇ ಹೊಡೆಯುತ್ತದೆ ಎಂದು ನಂಬಬಾರದು. ನೂರು ಗಜದಲ್ಲಿ ಮೂರು ಮೂರು ಗುಂಡು ಹೊಡೆದು ಸ್ಕೋಪ್ ಸರಿಪಡಿಸಿಕೊಳ್ಳಿ. ರಾಷ್ಟ್ರೀಯ ಅರಣ್ಯದಲ್ಲಿ ಅಭ್ಯಾಸ ಮಾಡಬಹುದು. ಮನೆ, ಕಟ್ಟಡ, ಕ್ಯಾಂಪು ಇವುಗಳಿಂದ 150 ಗಜದೊಳಗೆ ಬೇಡ, ರಸ್ತೆಯ ಅಥವಾ ನೀರಿನ ಮೇಲೆ ಹಾಯುವಂತೆ ಬೇಡ, ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಬೇಸಿಗೆಯ ಬೆಂಕಿ ನಿರ್ಬಂಧಗಳನ್ನು ಹೊರಡುವ ಮೊದಲು ನೋಡಿ. ಕೊಡಗಿನ ಮಳೆಗಾಲದಲ್ಲಿ ಕೋವಿಗೆ ಶತ್ರು ಹೊರಗಿನ ತೇವ. ಇಲ್ಲಿ ಶತ್ರು ಮನೆಯೊಳಗಿನ ಬೆಚ್ಚನೆಯ ಗಾಳಿ. ಸೊನ್ನೆಗಿಂತ ಕೆಳಗಿನ ಚಳಿಯಿಂದ ಒಳಗೆ ತಂದ ಕೂಡಲೇ ಕೋವಿ ಪೂರ್ತಿ ಬೆವರುತ್ತದೆ. ಪೆಟ್ಟಿಗೆ ತೆರೆಯದೆ ಎರಡು ಮೂರು ಗಂಟೆ ಬಿಟ್ಟು, ಆಮೇಲೆ ಒರೆಸಿ ಎಣ್ಣೆ ಹಚ್ಚಿ. ಸೆಪ್ಟೆಂಬರ್ 3ರಂದು ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಪೂಜೆಗಿಟ್ಟು ನಳಿಗೆಗೆ ಹೂ ಸಿಕ್ಕಿಸುವವರು ಮೊದಲು ಕೋವಿ ಖಾಲಿ ಇದೆಯೇ ಎರಡು ಸಲ ನೋಡಿ. ಪೂಜೆ ಮುಗಿದ ಮೇಲೆ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡದೆ ಗುಂಡು ತುಂಬಬೇಡಿ, ಒಂದು ಎಸಳು ಉಳಿದರೂ ನಳಿಗೆಗೆ ಅಪಾಯ.

ಕೋವಿ ಇಡುವ ಸೇಫಿನ ವಿಷಯ ಇದಕ್ಕಿಂತ ಮುಖ್ಯ. ಅತಿಥಿಯಾಗಿ ಬಂದ ಬಿ-2 ವೀಸಾದವರಿಗೆ, ಎಫ್-1ರಲ್ಲಿ ಓದುವ ಅಳಿಯನಿಗೆ ಸೇಫಿನ ಸಂಖ್ಯೆ ಗೊತ್ತಿರಬಾರದು. ತೆರೆಯಬಲ್ಲವರು ಹೊಂದಿದವರು ಎಂದೇ ಕಾನೂನು ತಿಳಿಯಬಹುದು. ಮಕ್ಕಳಿಗೆ ಗೊತ್ತಿರಬಾರದು ಎಂದು ಬೇರೆ ಹೇಳಬೇಕಿಲ್ಲ. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಮೊಂಟಾನಾದಲ್ಲಿ ಆತ್ಮಹತ್ಯೆಯ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಚಳಿಗಾಲ ದೀರ್ಘ, ನೆರೆಮನೆ ದೂರ, ಕನ್ನಡದಲ್ಲಿ ಮಾತಾಡಲು ಸುತ್ತ ಯಾರೂ ಇಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಆ ಋತುವಿಗೆ ಕೋವಿಯನ್ನು ಮನೆಯಿಂದ ಹೊರಗೆ, ನಂಬಿಕಸ್ಥರ ಬಳಿ ಅಥವಾ ಅಂಗಡಿಯ ಸುಪರ್ದಿನಲ್ಲಿ ಇಡಿ. ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಪರವಾನಗಿ ಬೇಡದ ರಾಜ್ಯದಲ್ಲಿ ಪರವಾನಗಿ ಏಕೆ ಎಂದು ಹಲವರು ಕೇಳಿದರು. ಉತ್ತರ ಸ್ಪೊಕೇನ್ ದಾರಿಯಲ್ಲಿದೆ. ತೊಗರಿಬೇಳೆ, ಅವಲಕ್ಕಿ, ಸಾಂಬಾರು ಈರುಳ್ಳಿಗೆ ನಾವು ಹೋಗುವುದು ಅಲ್ಲಿಗೇ, ಸುಮಾರು 250 ಮೈಲಿ. ನಡುವೆ ಐಡಹೊ. ಅಲ್ಲಿ ಪೌರರಲ್ಲದವರಿಗೆ ಪರವಾನಗಿ ಬೇಕು, ಬೇರೆ ರಾಜ್ಯದ ಪರವಾನಗಿಯನ್ನು ಐಡಹೊ ಒಪ್ಪುತ್ತದೆ. ಅಲ್ಲಿಂದ ಮುಂದೆ ವಾಷಿಂಗ್ಟನ್. ಮೊಂಟಾನಾದಲ್ಲಿ ಕೊಂಡ 15 ತೋಟಾದ ಮ್ಯಾಗಝೀನ್ ಆ ಗಡಿ ದಾಟುವಂತಿಲ್ಲ. ಅಂಗಡಿಗೆ ಹೋಗುವ ದಿನ ಕೋವಿ ಮನೆಯಲ್ಲೇ ಇರಲಿ ಎಂಬುದು ನಮ್ಮ ನಿಯಮ. ಶಾಲೆಯ ಸುತ್ತ ಸಾವಿರ ಅಡಿಯ ಫೆಡರಲ್ ವಲಯದಲ್ಲೂ ಪರವಾನಗಿ ಕೈಯಲ್ಲಿದ್ದರೆ ವಾದವೇ ಬರದು. ಅಂಚೆ ಕಚೇರಿಯ ಆವರಣದಲ್ಲಿ ಮಾತ್ರ ಪರವಾನಗಿಯೂ ನಡೆಯದು. ದಿನಾ ಪತ್ರ ತರಲು ಅಲ್ಲಿಗೇ ಹೋಗುವ ನಮ್ಮಂಥವರು ಸೊಂಟದಲ್ಲಿ ಪಿಸ್ತೂಲು ಇದೆಯೇ ಎಂದು ಮನೆಯಿಂದ ಹೊರಡುವಾಗಲೇ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಮಿಜೂಲಾದ ವಿಶ್ವವಿದ್ಯಾಲಯದಲ್ಲಿ ವಿಶ್ವವಿದ್ಯಾಲಯದ್ದೇ ನಿಯಮ, 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿತು. ಉತ್ತರಕ್ಕೆ ಫ್ಲಾಟ್‌ಹೆಡ್ ಮೂಲನಿವಾಸಿ ಪ್ರದೇಶದಲ್ಲಿ ಹೊರಗಿನವರು ದೊಡ್ಡ ಪ್ರಾಣಿಗಳ ಬೇಟೆಯಾಡುವಂತಿಲ್ಲ.

ಬೇಟೆಯಲ್ಲಿ ದಿನಾಂಕ ನಮಗೆ ಕೈಕೊಟ್ಟಿತು. ರೈಫಲ್ ಋತು 2025ರ ಅಕ್ಟೋಬರ್ 25ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯಿತು. ನಮ್ಮ 180 ದಿನ ತುಂಬಿದ್ದು ನವೆಂಬರ್ 16ಕ್ಕೆ, ಐದು ವಾರದಲ್ಲಿ ಎರಡು ವಾರ ಸಿಕ್ಕಿತು. ಏಪ್ರಿಲ್ 28ಕ್ಕೆ ಬಂದಿದ್ದರೆ ಮೊದಲ ದಿನವೇ ನಿವಾಸಿ ದರದಲ್ಲಿ ಕಾಡಿಗೆ ಹೋಗಬಹುದಿತ್ತು. ಮನೆ ಬದಲಿಸುವ ತಿಂಗಳು ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್ ಮುಗಿಯುವುದರೊಳಗೆ ಬನ್ನಿ. ಆ ಆರು ತಿಂಗಳ ನಡುವೆ ಊರಿಗೆ ದೀರ್ಘ ಪ್ರವಾಸ ಇಟ್ಟುಕೊಳ್ಳಬೇಡಿ, ವಾಸ ನಿರಂತರವಾಗಿರಬೇಕು. 1985ರ ಜನವರಿ 1ರ ನಂತರ ಹುಟ್ಟಿದವರಿಗೆ ಬೇಟೆ ಸುರಕ್ಷತೆಯ ತರಗತಿ ಕಡ್ಡಾಯ, ಕಾಯುವ ತಿಂಗಳುಗಳಲ್ಲಿ ಅದನ್ನು ಮುಗಿಸಿಬಿಡಿ. ಅದೇ ಪ್ರಮಾಣಪತ್ರ ಶೆರಿಫ್ ಬಳಿಯೂ ನಡೆಯುತ್ತದೆ. ಸೊಂಟದಿಂದ ಮೇಲೆ ಕನಿಷ್ಠ 400 ಚದರ ಇಂಚು ಕಿತ್ತಳೆ ಬಣ್ಣ ತೊಡಬೇಕು. ರೈಫಲ್ ಇದ್ದರೂ ಕರಡಿ ಸ್ಪ್ರೇ ಎದೆಯ ಪಟ್ಟಿಯಲ್ಲಿ, ಕೈ ತಟ್ಟನೆ ಹೋಗುವ ಕಡೆ ಇರಲಿ, ಬ್ಯಾಗಿನೊಳಗಲ್ಲ.

ನವೆಂಬರ್ 20ರಂದು ಶೆರಿಫ್ ಕಚೇರಿಗೆ ಅರ್ಜಿ ಕೊಟ್ಟೆವು. ಗ್ರೀನ್ ಕಾರ್ಡ್, ಲೈಸೆನ್ಸ್, ತರಗತಿಯ ಪತ್ರ, ಬೆರಳಚ್ಚು, 50 ಡಾಲರ್. ಅರವತ್ತು ದಿನದೊಳಗೆ ತೀರ್ಮಾನ ಮಾಡಬೇಕೆಂಬ ನಿಯಮವಿದೆ. ಜನವರಿಯ ಎರಡನೆಯ ವಾರ ಕಾರ್ಡು ಬಂತು, ನಾಲ್ಕು ವರ್ಷಕ್ಕೆ ಊರ್ಜಿತ. ಈಗ ಕ್ಯಾಲೆಂಡರಿನಲ್ಲಿ ಉಳಿದಿರುವುದು ಒಂದೇ ಗುರುತು, ಏಪ್ರಿಲ್ 1. ಜಿಂಕೆ ಮತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ವಿಶೇಷ ಪರ್ಮಿಟ್ಟಿನ ಲಾಟರಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಕಳೆದ ವರ್ಷ ಆ ದಿನ ನಾವಿನ್ನೂ ಕ್ಯಾಲಿಫೋರ್ನಿಯಾದಲ್ಲಿ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದೆವು. ಈ ಸಲ ನಿವಾಸಿ ಎಂಬ ಕಾಲಂ ತುಂಬುತ್ತೇವೆ.